ಫಿನ್ಲೆಂಡಿನ ಸೈಮಾ ಸರೋವರದ ಕಡೆ ಜನ ಬದುಕಿಗೆ ಏನು ಮಾಡ್ತಾರೆ?

ದಡದಾಚೆ (ಪ್ರಶ್ನೆ)

ಯೊಯೆನ್ಸೂ ಊರಲ್ಲಿ ಅರಣ್ಯ ವಿಜ್ಞಾನ ಓದಲು ಸೀಟು ಸಿಕ್ಕಿದೆ. ನೆಟ್‌ನಲ್ಲಿ ಹುಡುಕಿದರೆ ಬರೀ ಕೆರೆ, ಕಾಡು, ಸೌನಾ ಫೋಟೋಗಳೇ. ಅಲ್ಲಿನ ಜನ ಹೊಟ್ಟೆಪಾಡಿಗೆ ಏನು ಮಾಡ್ತಾರೆ? ಟೂರಿಸಂ ಒಂದೇನಾ? ಅಲ್ಲೇ ಇರುವವರು ಹೇಳಿದರೆ ಉಪಕಾರ.

ತಿರುಗಾಟ_ರಮ್ಯ

ನಾನು ಹೋಗಿದ್ದು ಜುಲೈನಲ್ಲಿ, ಸೈಮಾ ದಡದ ಸವೊನ್‌ಲಿನ್ನಾ ಊರಿಗೆ. 1475ರಲ್ಲಿ ಕಟ್ಟೋಕೆ ಶುರು ಮಾಡಿದ ಓಲಾವಿನ್‌ಲಿನ್ನಾ ಕೋಟೆ ನೀರಿನ ಮಧ್ಯೆ ನಿಂತಿದೆ. ಅದರ ಅಂಗಳದಲ್ಲೇ ಒಪೆರಾ (ಹಾಡುನಾಟಕ) ಉತ್ಸವ. 1912ರಲ್ಲಿ ಶುರುವಾಗಿದ್ದಂತೆ. ಸಂತೆ ಬಯಲಲ್ಲಿ ಲೋರ್ಟ್ಸು ಅಂತ ಅರ್ಧಚಂದ್ರದ ಕರಿದ ತಿಂಡಿ ಸಿಗುತ್ತೆ. ಸೇಬಿನ ಹೂರಣದ್ದೂ ಇದೆ, ಮಾಂಸದ್ದೂ ಇದೆ. ಕೇಳಿ ತಗೊಳ್ಳಿ! ಜನರ ಸಂಪಾದನೆ ವಿಷಯ ನನಗೆ ಗೊತ್ತಿಲ್ಲ, ಅದನ್ನ ಅಲ್ಲಿರೋರೇ ಹೇಳಬೇಕು.

ದಿಮ್ಮಿಲೆಕ್ಕ

ಒಪೆರಾ ಎಲ್ಲ ಬೇಸಿಗೆಯ ಮಾತು. ವರ್ಷಪೂರ್ತಿ ಈ ಸೀಮೆಯನ್ನು ಸಾಕುವುದು ಮರ. ನಾನಿರುವುದು ಸರೋವರದ ದಕ್ಷಿಣ ದಡದ ಲಪ್ಪೇನ್ರಾಂತಾ ಊರಲ್ಲಿ, ಮರ ಸಾಗಣೆಯ ಲೆಕ್ಕ ನೋಡುವ ಕೆಲಸ. ಹಾಗಾಗಿ ನನ್ನ ಮಾತು ಸ್ವಲ್ಪ ಮರದ ಕಡೆಗೇ ವಾಲುತ್ತೆ, ಸಹಿಸಿಕೊಳ್ಳಿ.

ಮೊದಲು ನಕ್ಷೆ ನೋಡಿ. ಸೈಮಾ ಅಂದರೆ ಒಂದು ದುಂಡನೆಯ ಕೆರೆ ಅಲ್ಲ. ನೂರಾರು ಕವಲು, ಸಾವಿರಾರು ನಡುಗಡ್ಡೆ. ನೀರಿನ ವಿಸ್ತಾರ ಸುಮಾರು 4,400 ಚದರ ಕಿ.ಮೀ., ಆದರೆ ದಡದ ಉದ್ದ ಸುಮಾರು 14,000 ಕಿ.ಮೀ.! ದಕ್ಷಿಣಕ್ಕೆ ಸಾಲ್ಪೌಸ್‌ಸೆಲ್ಕಾ ಅಂತ ಮರಳು, ಜಲ್ಲಿಯ ಉದ್ದನೆ ದಿಬ್ಬ ಇದೆ. ಹಿಮಯುಗದ ಕೊನೆಗೆ ಕರಗುತ್ತಿದ್ದ ಹಿಮ ಬಿಟ್ಟುಹೋದದ್ದು. ಅದೇ ಅಣೆಕಟ್ಟಿನ ಹಾಗೆ ನೀರನ್ನು ಹಿಡಿದಿಟ್ಟಿದೆ. ಸುಮಾರು 6,000 ವರ್ಷದ ಹಿಂದೆ ಇಮಾತ್ರಾ ಊರಿನ ಹತ್ತಿರ ನೀರು ಆ ದಿಬ್ಬವನ್ನು ಒಡೆದುಕೊಂಡು ಹೊರಬಿತ್ತು. ಅದೇ ವುವೊಕ್ಸಿ ನದಿ, ರಷ್ಯಾದ ಲಡೋಗಾ ಸರೋವರಕ್ಕೆ ಸೇರುತ್ತೆ. ಇಮಾತ್ರಾದಲ್ಲಿ ಆ ನದಿಯ ಜಲಪಾತಕ್ಕೆ 1929ರಲ್ಲಿ ವಿದ್ಯುತ್ ಸ್ಥಾವರ ಬಂತು. ಈಗ ಬೇಸಿಗೆಯಲ್ಲಿ ಗೇಟು ತೆರೆದು ನೀರು ಬಿಡ್ತಾರೆ, ನೋಡೋಕೆ ಜನ ಸೇತುವೆ ಮೇಲೆ ಸೇರ್ತಾರೆ.

ಪೂರ್ವದ ಕಾಡುಗಳ ನೀರೆಲ್ಲ ಹರಿದು ಬರುವುದು ಈ ದಕ್ಷಿಣದ ಮೂಲೆಗೆ. ಮರವೂ ಹಾಗೇ ಬಂತು. ಅದಕ್ಕೇ ದೊಡ್ಡ ದೊಡ್ಡ ಪಲ್ಪ್ (ಕಾಗದ ಮಾಡುವ ಮರದ ತಿರುಳು) ಮಿಲ್‌ಗಳು ಲಪ್ಪೇನ್ರಾಂತಾ, ಇಮಾತ್ರಾ ಸುತ್ತಲೇ ಇವೆ. ದಿಮ್ಮಿ ಕಂತೆ ಕಟ್ಟಿ, ಕಂತೆಗಳನ್ನು ಸೇರಿಸಿ, ನೂರಾರು ಮೀಟರ್ ಉದ್ದದ ತೆಪ್ಪವನ್ನು ಟಗ್ ದೋಣಿ ಎಳೆದು ತರುವುದು ಇವತ್ತಿಗೂ ನಿಂತಿಲ್ಲ. ನಡಿಗೆಗಿಂತ ನಿಧಾನ, ದಿನಗಟ್ಟಲೆ ಹಿಡಿಯುತ್ತೆ. ಆದರೆ ಲಾರಿಗಿಂತ ಡೀಸೆಲ್ ಕಡಿಮೆ.

ಒಂದು ಸ್ಪ್ರೂಸ್ (ಸೂಜಿ ಎಲೆಯ ಮರ) ಕಡಿದರೆ ಏನಾಗುತ್ತೆ ನೋಡಿ. ಯಂತ್ರ ಬುಡ ಹಿಡಿದು, ಮಲಗಿಸಿ, ಕೊಂಬೆ ಸವರಿ, ಅಳತೆ ಮಾಡಿ ಅಲ್ಲೇ ತುಂಡು ಮಾಡುತ್ತೆ. ಬುಡದ ದಪ್ಪ ಭಾಗ ಸಾಮಿಲ್‌ಗೆ, ಅದಕ್ಕೇ ಬೆಲೆ ಜಾಸ್ತಿ. ತುದಿಯ ಸಣ್ಣದು ಪಲ್ಪ್‌ಗೆ. ಪಲ್ಪ್ ಬೇಯಿಸುವಾಗ ಉಳಿಯುವ ರಾಳದ ಎಣ್ಣೆಯಿಂದ 2015ರಿಂದ ಇಲ್ಲಿ ಡೀಸೆಲ್ ಕೂಡ ಮಾಡ್ತಾರೆ. ಗಾಳಿ ಈ ಕಡೆ ತಿರುಗಿದ ದಿನ ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತೆ. ಹಳಬರು ಅದನ್ನು 'ದುಡ್ಡಿನ ವಾಸನೆ' ಅಂತಾರೆ. ನನಗಂತೂ ಇನ್ನೂ ಹಿಡಿಸಿಲ್ಲ.

ಕಾಡು ಯಾರದು ಅಂತ ಕೇಳಿದರೆ ಆಶ್ಚರ್ಯ ಆಗುತ್ತೆ. ಸುಮಾರು 60% ಖಾಸಗಿ ಜನರದ್ದು, ಹೆಚ್ಚಿನದು ಕುಟುಂಬಗಳ ಕೈಯಲ್ಲಿ. ಅಜ್ಜ ನೆಟ್ಟದ್ದನ್ನು ಮೊಮ್ಮಗಳು ಮಾರುವ ಲೆಕ್ಕ. 2022ರಲ್ಲಿ ರಷ್ಯಾದಿಂದ ಮರ ಬರುವುದು ನಿಂತ ಮೇಲೆ ಬೆಲೆ ಏರಿತು. ಕಾಡಿದ್ದವರಿಗೆ ಸುಗ್ಗಿ, ಮಿಲ್‌ಗಳಿಗೆ ತಲೆನೋವು. ಗಡಿ ಮುಚ್ಚಿದ್ದರಿಂದ ರಷ್ಯನ್ ಗಿರಾಕಿಗಳನ್ನೇ ನಂಬಿದ್ದ ಅಂಗಡಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಇಲ್ಲಿಂದ ಸಮುದ್ರಕ್ಕೆ ಹೋಗುವ 43 ಕಿ.ಮೀ. ಸೈಮಾ ಕಾಲುವೆ 1856ರದ್ದು, ಅದರ ಅರ್ಧ ರಷ್ಯಾದೊಳಗಿದೆ. ಅಲ್ಲೂ ಸರಕು ಹಡಗಿನ ಸದ್ದಿಲ್ಲ.

ನಿಮ್ಮ ಯೊಯೆನ್ಸೂ ಓದಿಗೆ ಒಳ್ಳೆಯ ಜಾಗ. ಯುರೋಪಿಯನ್ ಫಾರೆಸ್ಟ್ ಇನ್‌ಸ್ಟಿಟ್ಯೂಟ್ ಮುಖ್ಯ ಕಚೇರಿ ಅಲ್ಲೇ ಇದೆ. ಫಿನ್ನಿಷ್ ಮಾತ್ರ ಮೊದಲ ವರ್ಷವೇ ಶುರು ಮಾಡಿ. ಕಾಡಿನ ಕೆಲಸದಲ್ಲಿ ಇಂಗ್ಲಿಷ್ ಆಫೀಸಿನ ಬಾಗಿಲವರೆಗೆ ಮಾತ್ರ.

ದಡದಾಚೆ

ಅಬ್ಬಾ, ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್ ಸರ್! ಇನ್ನೊಂದೇ ಪ್ರಶ್ನೆ. ಕಾಡಲ್ಲಿ ಹಣ್ಣು ಆರಿಸೋಕೆ, ಮೀನು ಹಿಡಿಯೋಕೆ ಮಾಲೀಕರನ್ನ ಕೇಳಬೇಕಾ?

ದಿಮ್ಮಿಲೆಕ್ಕ

ಹಣ್ಣು, ಅಣಬೆಗೆ ಬೇಡ. ಯಾರ ಕಾಡಾದರೂ ಸರಿ, ಮನೆಯಂಗಳಕ್ಕೆ ನುಗ್ಗಬೇಡಿ ಅಷ್ಟೇ. ಬ್ಲೂಬೆರಿ ಜುಲೈ ಕೊನೆಗೆ, ಲಿಂಗೊನ್‌ಬೆರಿ ಸೆಪ್ಟೆಂಬರ್‌ಗೆ. ಆರಿಸಿ ಮಾರಿದರೂ ಆ ದುಡ್ಡಿಗೆ ತೆರಿಗೆ ಇಲ್ಲ. ಸಾದಾ ಗಾಳಕ್ಕೂ, ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಹಾಕುವ ಗಾಳಕ್ಕೂ ದುಡ್ಡಿಲ್ಲ. ರೀಲ್ ಗಾಳಕ್ಕೆ ಸರ್ಕಾರಿ ಶುಲ್ಕ ಕಟ್ಟಬೇಕು.

ಬಲೆ ಸಹವಾಸ ಸದ್ಯಕ್ಕೆ ಬೇಡ. ಸೈಮಾ ನೊರ್ಪ್ಪಾ ಅನ್ನೋ ಸೀಲ್ ಪ್ರಾಣಿ ಇರುವುದು ಪ್ರಪಂಚದಲ್ಲಿ ಸೈಮಾ ಒಂದರಲ್ಲೇ, ಈಗ 500ರ ಆಸುಪಾಸು. ಮರಿಗಳು ಬಲೆಗೆ ಸಿಕ್ಕಿ ಸಾಯುತ್ತವೆ ಅಂತ ಅವು ಇರುವ ಕಡೆ ಏಪ್ರಿಲ್ 15ರಿಂದ ಜೂನ್ 30ರವರೆಗೆ ಬಲೆ ನಿಷೇಧ. ಹಿಮ ಸಾಲದ ವರ್ಷ ಸ್ವಯಂಸೇವಕರು ದಡದ ಮಂಜುಗಡ್ಡೆ ಮೇಲೆ ಸಲಿಕೆಯಲ್ಲಿ ಹಿಮ ಗುಡ್ಡೆ ಹಾಕ್ತಾರೆ, ತಾಯಿ ಸೀಲ್ ಅದರೊಳಗೆ ಗೂಡು ಮಾಡಿ ಮರಿ ಹಾಕಲಿ ಅಂತ.

ಮೀನು ತಿನ್ನೋದಾದರೆ ಸಂತೆಯಲ್ಲಿ ಮುಯಿಕ್ಕು ಅನ್ನೋ ಸಣ್ಣ ಮೀನು ಕೇಳಿ. ಬೆರಳುದ್ದ, ರೈ ಹಿಟ್ಟಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದಿರ್ತಾರೆ. ಮುಳ್ಳು ಬಿಡಿಸೋ ಕೆಲಸ ಇಲ್ಲ, ಹಾಗೇ ತಿನ್ನಿ.