ವಾರಕ್ಕೊಂದು ಒಳ್ಳೆ ಮಾತು: ಬೋರ್ಡಿನಲ್ಲಿ ಏನು ಬರೆಯಲಿ?

ನಾಪೋಕ್ಲು ಕಡೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ಒಂದು ಹಳ್ಳಿಯಲ್ಲಿ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. ಮೊದಲು ಪಂಚಾಯ್ತಿ ಲೈಬ್ರರಿ ಅನ್ನುತ್ತಿದ್ದೆವಲ್ಲ, ಅದೇ. ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಎದುರಿಗೇ ಬಸ್ ನಿಲ್ಲುತ್ತದೆ. ಜೂನ್‌ನಿಂದ ಪ್ರತಿ ಸೋಮವಾರ ಅದರಲ್ಲಿ ದಯೆ, ಒಳ್ಳೆತನದ ಬಗ್ಗೆ ಒಂದು ಸಾಲು ಬರೆಯುತ್ತಿದ್ದೇನೆ. ಗಾದೆ, ದೊಡ್ಡವರ ಮಾತು, ಮೊಬೈಲಿಗೆ ಬರುವ ಶುಭೋದಯದ ಸಾಲು, ಎಲ್ಲ ಆಯ್ತು. ಹೋದ ತಿಂಗಳು ಎರಡು ವಾರ ಬದಲಾಯಿಸಲು ಆಗಲಿಲ್ಲ. ಒಬ್ಬರೂ ಕೇಳಲಿಲ್ಲ. ತುಂಬಾ ಬೇಜಾರಾಯ್ತು. ಓದಿದವರಿಗೆ ಆ ವಾರ ಕಳೆಯಲು ಸ್ವಲ್ಪ ಧೈರ್ಯ ಸಿಗಬೇಕು, ಅಷ್ಟೇ ನನ್ನ ಆಸೆ. ಏನು ಬರೆಯಲಿ? ನಿಮಗೆ ಯಾರಾದರೂ ಮಾಡಿದ ಒಳ್ಳೆಯದು ನೆನಪಿದ್ದರೆ ಹೇಳಿ.

ಜಂಬೂರಿನಿಂದ

ಅಕ್ಕ, ನಮ್ಮ ಮನೆ ಮೊದಲು ಮಕ್ಕಂದೂರು ಕಡೆ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡದ ಬರೆ ಕುಸಿದು ಮನೆ ಹೋಯ್ತು. ಬೆಳಿಗ್ಗೆ ಗುಡ್ಡದ ಕಡೆಯಿಂದ ಶಬ್ದ ಬಂದಾಗ ಉಟ್ಟ ಬಟ್ಟೆಯಲ್ಲೇ ಓಡಿದೆವು. ಮಗಳಿಗೆ ಆಗ ಹದಿಮೂರು ವರ್ಷ. ಮಡಿಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮನ್ನು ಇರಿಸಿದರು.

ಜನ ಎಷ್ಟು ತಂದುಕೊಟ್ಟರು ಅಂತ ಹೇಳಿ ಮುಗಿಯುವುದಿಲ್ಲ. ಅಕ್ಕಿ, ಬಿಸ್ಕೆಟ್, ಕಂಬಳಿ, ಸೀರೆ ಗುಡ್ಡೆ ಗುಡ್ಡೆಯಾಗಿ ಬಂತು. ಅವರೆಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ನನಗೆ ನೆನಪಿರುವುದು ಒಬ್ಬರೇ. ಎರಡನೆಯ ದಿನ ಒಬ್ಬ ಹೆಂಗಸು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಕೈಯಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ಕೇಳಿದರು, "ನಿಮಗೆ ಏನು ಬೇಕು?" ಅಲ್ಲಿವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಉತ್ತರ ಬಾಯಿಗೆ ಬರಲಿಲ್ಲ. ಆಮೇಲೆ ಹೇಳಿದೆ, ಒಳಗೆ ಹಾಕುವ ಬಟ್ಟೆ, ಮಗಳಿಗೆ ಪ್ಯಾಡು, ಒಂದು ಬಾಚಣಿಗೆ. ಅವರು ಹೂಂ ಅಂದು ಎದ್ದು ಹೋದರು. ಒಂದು ಗಂಟೆ ಆಗಿರಬಹುದು. ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದು, ನಾಲ್ಕು ಜನರ ಎದುರು ಕೊಡದೆ, ನನ್ನ ಕಂಬಳಿ ಕೆಳಗೆ ತೂರಿಸಿ ಹೋದರು.

ಅವತ್ತು ಸಂಜೆ ಮಗಳ ತಲೆ ಬಾಚಿದೆ. ಕೂದಲಿನಿಂದ ಕೆಂಪು ಮಣ್ಣು ಉದುರುತ್ತಿತ್ತು, ನಮ್ಮ ತೋಟದ ಮಣ್ಣು. ಮನೆ ಬಿಟ್ಟ ಮೇಲೆ ಅವಳು ಅತ್ತದ್ದು ಆಗಲೇ. ನಾನೂ ಅತ್ತೆ. ಅತ್ತ ಮೇಲೆ ಇಬ್ಬರಿಗೂ ನಿದ್ದೆ ಬಂತು.

ಆ ಬಾಚಣಿಗೆ ಈಗಲೂ ಇದೆ. ಹಲ್ಲು ಎರಡು ಹೋಗಿದೆ. ಇಲ್ಲಿಗೆ ಬರುವಾಗ ಮೊದಲು ಅದನ್ನೇ ಚೀಲಕ್ಕೆ ಹಾಕಿದೆ. ಅವರ ಹೆಸರು ಕೇಳಲಿಲ್ಲ ಅನ್ನುವ ಕೊರಗು ನನಗೆ ಹೋಗುವುದಿಲ್ಲ. ನೀವು ಬೋರ್ಡಿನಲ್ಲಿ ಬರೆಯುವುದಾದರೆ ಇಷ್ಟು ಬರೆಯಿರಿ: ಕೊಡುವ ಮೊದಲು ಏನು ಬೇಕು ಅಂತ ಕೇಳಿ.

ಮಡಿಕೇರಿಯಿಂದ, ಬಸ್ ಡ್ರೈವರ್

ಮೇಡಂ, ನನಗೆ ಬರೆದು ಅಭ್ಯಾಸ ಇಲ್ಲ. ಭಾಗಮಂಡಲ ಕಡೆಗೆ ಕೊನೆ ಟ್ರಿಪ್ಪು ಹೋಗುತ್ತಿದ್ದೆ. ಚೇರಂಬಾಣೆ ದಾಟಿದ ಮೇಲೆ ಒಬ್ಬೊಬ್ಬರೇ ಇಳಿಯುತ್ತಾರೆ. ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಹಿರಿಯ ಡ್ರೈವರ್ ಜೊತೆ ಹೋಗಿದ್ದೆ. ಒಂಟಿ ಹೆಂಗಸು ಇಳಿದರೆ ಅವರು ಗಾಡಿ ತೆಗೆಯುತ್ತಿರಲಿಲ್ಲ. ಗೇಟು ತೆಗೆದು ಒಳಗೆ ಹೋಗುವವರೆಗೆ ಹೆಡ್‌ಲೈಟ್ ಹಾಕಿಕೊಂಡು ನಿಲ್ಲುತ್ತಿದ್ದರು. ಯಾಕೆ ಅಂತ ನನಗೂ ಹೇಳಲಿಲ್ಲ, ಇಳಿದವರಿಗೂ ಹೇಳಲಿಲ್ಲ. ನಾನೂ ಇಪ್ಪತ್ತು ವರ್ಷ ಹಾಗೇ ಮಾಡಿದೆ. ಒಂದೇ ನಿಮಿಷದ ಕೆಲಸ. ಲೇಟಾಯ್ತು ಅಂತ ಬಸ್ಸಿನಲ್ಲಿ ಇದ್ದ ಯಾರೂ ಗೊಣಗಿದ್ದು ಕೇಳಿಲ್ಲ.

ವಿರಾಜಪೇಟೆಯಿಂದ, ನಿವೃತ್ತ ಶಿಕ್ಷಕಿ

ತಂಗಿ, ವಾರಕ್ಕೊಮ್ಮೆ ಅನ್ನುವ ನಿಮ್ಮ ಯೋಚನೆ ಚೆನ್ನಾಗಿದೆ, ಬಿಡಬೇಡಿ. ಅದಕ್ಕೆ ಒಂದು ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯೂಬೊಮಿರ್‌ಸ್ಕಿ ಮತ್ತು ಜೊತೆಯವರು 2005ರಲ್ಲಿ ಬರೆದ ಲೇಖನದಲ್ಲಿ ಒಂದು ಪ್ರಯೋಗದ ವಿವರ ಬರುತ್ತದೆ. ವಿದ್ಯಾರ್ಥಿಗಳು 6 ವಾರಗಳ ಕಾಲ, ವಾರಕ್ಕೆ 5 ಒಳ್ಳೆ ಕೆಲಸ ಮಾಡಬೇಕಿತ್ತು. ಐದನ್ನೂ ಒಂದೇ ದಿನ ಮಾಡಿದವರಲ್ಲಿ ಸಂತೋಷ ಹೆಚ್ಚಿತು. ವಾರದ ಉದ್ದಕ್ಕೂ ಹಂಚಿ ಮಾಡಿದವರಲ್ಲಿ ಹಾಗೆ ಕಾಣಲಿಲ್ಲ. ಹಂಚಿ ಮಾಡಿದರೆ ದಿನದ ಕೆಲಸದಲ್ಲಿ ಅದು ಕರಗಿ ಹೋಗುತ್ತದೆ, ಮಾಡಿದವರಿಗೇ ಗೊತ್ತಾಗುವುದಿಲ್ಲ ಅನ್ನುವುದು ಅವರ ಊಹೆ.

ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಎಂಬಿಬ್ಬರು ಷಿಕಾಗೊದಲ್ಲಿ, ಚಳಿಯಲ್ಲಿ, ಜನ ಐಸ್ ಮೇಲೆ ಜಾರಿ ಆಡುವ ಜಾಗದಲ್ಲಿ ಮಾಡಿದ್ದು. 2022ರಲ್ಲಿ ಪ್ರಕಟವಾಯಿತು. ಬಂದವರ ಕೈಗೆ ಒಂದು ಲೋಟ ಬಿಸಿ ಚಾಕೊಲೇಟ್ ಕೊಟ್ಟು, ಬೇಕಾದರೆ ಗುರುತಿಲ್ಲದ ಯಾರಿಗಾದರೂ ಕೊಡಿ ಅಂದರು. ಕೊಟ್ಟವರು ಊಹಿಸಿದ್ದಕ್ಕಿಂತ ತೆಗೆದುಕೊಂಡವರಿಗೆ ಜಾಸ್ತಿ ಖುಷಿಯಾಗಿತ್ತು. ಕೊಡುವವರ ಕಣ್ಣು ಲೋಟದ ಮೇಲೆ. ತೆಗೆದುಕೊಳ್ಳುವವರಿಗೆ ಕಾಣುವುದು ಕೊಟ್ಟವರ ಮನಸ್ಸು. ನಮ್ಮಲ್ಲೂ ಅಷ್ಟೇ ಅಲ್ವಾ? ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಪೋಸ್ಟ್‌ಮ್ಯಾನ್ ನೆನೆದು ಬಂದಾಗ ಒಂದು ಲೋಟ ಬೆಲ್ಲದ ಕಾಫಿ ಕೊಟ್ಟು, "ಇದೇನು ಮಹಾ" ಅಂದುಕೊಳ್ಳುತ್ತೇವೆ. ಆ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡವರನ್ನು ಕೇಳಬೇಕು.

ಈಗ ನನ್ನ ಅನುಭವ. ಶಾಲೆಯಲ್ಲಿ ಶುಕ್ರವಾರದ ಕೊನೆ ಪೀರಿಯಡ್‌ನಲ್ಲಿ ಮಕ್ಕಳಿಂದ ತಾವು ಮಾಡಿದ ಒಳ್ಳೆ ಕೆಲಸ ಬರೆಸುತ್ತಿದ್ದೆ. ಮೂರೇ ವಾರಕ್ಕೆ ಕೆಟ್ಟುಹೋಯಿತು. "ನಂದು ಏಳು, ನಿಂದು ನಾಲ್ಕು" ಅಂತ ಜಗಳ. ಒಬ್ಬ ಹುಡುಗನಂತೂ ದಾಟಲು ಮನಸ್ಸಿಲ್ಲದ ಅಜ್ಜನನ್ನು ರಸ್ತೆ ದಾಟಿಸಿ ಬಂದಿದ್ದ. ಆಮೇಲೆ ತಿರುಗಿಸಿದೆ. ನೀನು ಮಾಡಿದ್ದು ಬೇಡ, ನಿನಗೆ ಬೇರೆಯವರು ಮಾಡಿದ್ದನ್ನು ಬರಿ ಅಂದೆ. ಕ್ಲಾಸು ಗಪ್‌ಚುಪ್ ಆಯಿತು. ಎಲ್ಲರೂ ಯೋಚನೆ ಮಾಡಲು ಶುರು ಮಾಡಿದರು.

ಆ ವಾರ ಮೂರನೆಯ ತರಗತಿಯ ಒಂದು ಮಗು ಬರೆದದ್ದು ನನ್ನ ಹತ್ತಿರ ಇದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕಾಂಪಾಸ್ ಬಾಕ್ಸಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡಿರುತ್ತಾಳೆ. ತೋಟದ ದಾರಿಯಲ್ಲಿ ಸಣ್ಣ ಮಕ್ಕಳ ಕಾಲಿಗೆ ಜಿಗಣೆ ಹತ್ತಿದರೆ, ಕಲ್ಲಿನ ಮೇಲೆ ಕೂರಿಸಿ, ಉಪ್ಪು ಹಾಕಿ ಬಿಡಿಸುತ್ತಾಳೆ. "ನಾನು ಅತ್ತದ್ದನ್ನು ಅಕ್ಕ ಯಾರಿಗೂ ಹೇಳುವುದಿಲ್ಲ" ಅಂತ ಮಗು ಕೊನೆಗೆ ಸೇರಿಸಿತ್ತು. ಆ ಹುಡುಗಿ ಓದಿನಲ್ಲಿ ಹಿಂದೆ. ಐದು ವರ್ಷ ಅವಳನ್ನು ನಾನು ಬರೀ ಮಾರ್ಕ್ಸಿನಲ್ಲಿ ನೋಡಿದ್ದೆ.

ನವೆಂಬರ್ 13 ವಿಶ್ವ ದಯಾ ದಿನ, 1998ರಿಂದ ಆಚರಿಸುತ್ತಾರೆ. ಆ ವಾರ ನಿಮ್ಮ ಲೈಬ್ರರಿಗೆ ಬರುವ ಮಕ್ಕಳಿಂದಲೂ ಇದನ್ನು ಬರೆಸಿ ನೋಡಿ.

ಸಿದ್ದಾಪುರ ಕಡೆಯಿಂದ, ತೋಟದ ರೈಟರ್

ಟೀಚರಮ್ಮ ಹೇಳಿದ್ದು ಓದಿ ಇದನ್ನು ಬರೆಯುವ ಮನಸ್ಸಾಯಿತು. ಯಾವ ತೋಟ ಅಂತ ಹೇಳುವುದಿಲ್ಲ.

ರೋಬಸ್ಟಾ ಕಾಫಿ ಕುಯ್ಲಿನ ಸಮಯದಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ. ಸಂಜೆ ಚೀಲ ಹೊತ್ತು ತೂಕಕ್ಕೆ ಸಾಲು ನಿಲ್ಲುತ್ತಾರೆ. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಸಾಲಿನಲ್ಲಿ ಒಬ್ಬರು ವಯಸ್ಸಾದ ಅಜ್ಜಿ ಇದ್ದರು. ಕಣ್ಣು ಮಂಜು, ಕೈ ನಿಧಾನ. ಅವರ ಚೀಲ ಯಾವಾಗಲೂ ಅರ್ಧ. ಅವರ ಹಿಂದೆ ನಿಲ್ಲುತ್ತಿದ್ದ ಹೆಂಗಸು ಸಾಲು ಮುಂದೆ ಸರಿಯುವಾಗ ತನ್ನ ಚೀಲದಿಂದ ಬೊಗಸೆ ಹಣ್ಣು ತೆಗೆದು ಅಜ್ಜಿಯ ಚೀಲಕ್ಕೆ ಹಾಕುತ್ತಿದ್ದಳು. ಒಂದು ಬೊಗಸೆ, ಎರಡು ಬೊಗಸೆ. ಅಜ್ಜಿಗೆ ಗೊತ್ತಾಗದ ಹಾಗೆ. ಒಂದು ದಿನ ಹಾಗೆ ಹಾಕುತ್ತಿರುವಾಗ ಅವಳು ತಲೆ ಎತ್ತಿದಳು, ನಾನು ನೋಡುತ್ತಿದ್ದೆ. ಅವಳ ಕೈ ಅಲ್ಲೇ ನಿಂತಿತು. ನಾನು ಪುಸ್ತಕದ ಕಡೆ ಕಣ್ಣು ಹಾಕಿ, ಹಿಂದಿನ ಪುಟ ತಿರುವಿದೆ. ಬೊಗಸೆ ಚೀಲಕ್ಕೆ ಬಿದ್ದ ಸದ್ದು ಕೇಳಿಸಿತು.

ಒಟ್ಟು ತೂಕ ಅಷ್ಟೇ, ಯಾರಿಗೂ ಮೋಸ ಇಲ್ಲ. ಆದರೆ ಅವಳ ಮನೆಯಲ್ಲೂ ಮೂರು ಮಕ್ಕಳು. ನಾಲ್ಕು ಸೀಸನ್ ನಡೆಯಿತು. ನಮ್ಮ ಕಡೆ ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುತ್ತೇವೆ, ಅದು ಒಳ್ಳೆ ಪದ್ಧತಿ. ಇವತ್ತು ನಾನು ಬಂದರೆ ನಾಳೆ ನೀನು ಬರಬೇಕು. ಇದು ಮುಯ್ಯಿ ಅಲ್ಲ. ಅಜ್ಜಿ ತಿರುಗಿಸಿ ಕೊಡುವ ಹಾಗೇ ಇರಲಿಲ್ಲ. ಅಜ್ಜಿ ಈಗ ಇಲ್ಲ, ಅದಕ್ಕೇ ಹೇಳಿದೆ. ಇದ್ದಿದ್ದರೆ ಹೇಳುತ್ತಿರಲಿಲ್ಲ.

ಕುಶಾಲನಗರದಿಂದ

ರೈಟರ್ ಅಣ್ಣ ಹೇಳಿದ ಕೊನೆ ಮಾತು ಮುಖ್ಯ. 2020ರ ಲಾಕ್‌ಡೌನ್‌ನಲ್ಲಿ ನಮಗೆ ಒಬ್ಬರು ರೇಷನ್ ಕಿಟ್ ಕೊಟ್ಟರು. ಉಪಕಾರ ಮರೆತಿಲ್ಲ. ಆದರೆ ಕಿಟ್ ಹಿಡಿದ ನನ್ನ ಫೋಟೊ ಮೊಬೈಲಿನಲ್ಲಿ ಎಲ್ಲ ಕಡೆ ಹೋಯಿತು. ಮಗನ ಕ್ಲಾಸಿನವರೂ ನೋಡಿದರು. ಅವನು ಎರಡು ದಿನ ಆ ಅಕ್ಕಿಯ ಅನ್ನ ಊಟ ಮಾಡಲಿಲ್ಲ. ದಯವಿಟ್ಟು ಬೋರ್ಡಿನಲ್ಲಿ ಸಹಾಯ ತೆಗೆದುಕೊಂಡವರ ಗುರುತು ಸಿಗದ ಹಾಗೆ ಬರೆಯಿರಿ. ಮಾಡಿದವರ ಹೆಸರು ಬೇಕಾದರೆ ಅವರನ್ನು ಕೇಳಿ ಹಾಕಿ.

ಮಡಿಕೇರಿಯಿಂದ, ಮಾಜಿ ಸೈನಿಕ

ದೊಡ್ಡವರ ಮಾತು ಪೂರ್ತಿ ಬಿಡಬೇಡಿ, ನಮ್ಮೂರವರದ್ದು ಆರಿಸಿ. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುವ ಮಾತು ಬಂದಾಗ, ಅಲ್ಲಿ ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಹಾಗೆ ನೋಡಿಕೊಳ್ಳಿ ಅನ್ನುವ ಅರ್ಥದ ಉತ್ತರವನ್ನು ಕಾರ್ಯಪ್ಪನವರು ಕೊಟ್ಟರು. ಅವರು ಹುಟ್ಟಿದ್ದು ಜನವರಿ 28, 1899. ಆ ವಾರಕ್ಕೆ ಇದನ್ನು ಇಟ್ಟುಕೊಳ್ಳಿ.

ನಾಪೋಕ್ಲು ಕಡೆಯಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ಕೈ ಮುಗಿದೆ. ಜಂಬೂರಿನ ತಂಗಿ, ನಿಮ್ಮದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಸೋಮವಾರ ಹಳೆಯ ಸಾಲು ಅಳಿಸಿದೆ. "ಕಳೆದ ವಾರ ನಮ್ಮೂರಿನಲ್ಲಿ" ಅಂತ ಮೇಲೆ ಬರೆದೆ. ಕೆಳಗೆ, ಮಳೆಗೆ ಮರ ಬಿದ್ದು ದಾರಿ ಮುಚ್ಚಿದ ದಿನ ಯಾರೋ ಇಬ್ಬರು ಹುಡುಗರು ಹಾಲಿನ ಕ್ಯಾನನ್ನು ಹೊತ್ತು ಆಚೆ ದಾಟಿಸಿದ್ದನ್ನು ಎರಡು ಸಾಲಿನಲ್ಲಿ ಬರೆದೆ. ಹೆಸರು ಹಾಕಲಿಲ್ಲ. ಬಸ್ಸಿಗೆ ಕಾಯುತ್ತಿದ್ದವರು ಹತ್ತಿರ ಬಂದು ಓದಿದರು. "ಯಾರ ಮಕ್ಕಳು ಅದು?" ಅಂತ ಮೂರು ಜನ ಕೇಳಿದರು. ಟೀಚರಮ್ಮ ಹೇಳಿದ ಹಾಗೆ, ಸ್ವಲ್ಪ ಜಾಗ ಖಾಲಿ ಬಿಟ್ಟು "ನಿಮಗೆ ಯಾರು ಏನು ಮಾಡಿದರು?" ಅಂತ ಬರೆದು, ಚಾಕ್ ಪೀಸನ್ನು ದಾರದಲ್ಲಿ ಕಟ್ಟಿ ನೇತುಹಾಕಿದೆ.

ಬುಧವಾರದವರೆಗೆ ಏನೂ ಇರಲಿಲ್ಲ. ನಿನ್ನೆ ಬಾಗಿಲು ತೆಗೆಯಲು ಬಂದಾಗ ಐದು ಸಾಲು ಇತ್ತು. ಒಂದು ಮಲಯಾಳದಲ್ಲಿ ಇದೆ, ಪಕ್ಕದ ಅಂಗಡಿಯವರಿಂದ ಓದಿಸಿಕೊಂಡೆ. ತೀರಾ ಕೆಳಗೆ, ಮಕ್ಕಳ ಕೈಬರಹದಲ್ಲಿ, "ಬಸಣ್ಣ ಲೈಟ್ ಹಾಕಿ ನಿಂತ" ಅಂತಿದೆ. ಬಸ್ಸಿನ ಅಣ್ಣ ಅಂತ ಇರಬೇಕು. ನಮ್ಮ ಕಡೆಯ ಡ್ರೈವರ್ ಯಾರೋ ಇನ್ನೂ ನಿಲ್ಲುತ್ತಿದ್ದಾರೆ. ಚಾಕ್ ಸವೆದು ಉಗುರಿನಷ್ಟಾಗಿದೆ. ನಾಳೆ ನಾಪೋಕ್ಲಿಗೆ ಹೋದಾಗ ಒಂದು ಡಬ್ಬಿ ತರುತ್ತೇನೆ.