ಗುಡ್ಡೆಯಲ್ಲಿ ಗ್ಯಾಸ್ ಲೈನ್, ಕೆಳಗೆ ಸುರಂಗ: ಸೋರಿಕೆ ಗೊತ್ತಾಗುವುದು ಹೇಗೆ?

ಅಡಿಕೆತೋಟ_ಕಾಸರಗೋಡು:
ಕೊಚ್ಚಿ–ಮಂಗಳೂರು ಗ್ಯಾಸ್ ಲೈನ್ ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಹಾದುಹೋಗಿದೆ. ಪೈಪಿನ ಮೇಲೆ ಹುಲ್ಲು ಮಳೆಗಾಲದಲ್ಲೂ ಹಳದಿ. ವಾಸನೆ ಇಲ್ಲ. ಕೆಳಗೆ ಸುರಂಗ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು), ಬಾವಿ. ಸುರಂಗದ ಹೂಳು ತೆಗೆಸಬೇಕು. ಆಳುಗಳನ್ನು ಇಳಿಸಬಹುದೇ?

ಮುರಕಲ್ಲು:
ಮೂಗನ್ನು ನಂಬಬೇಡಿ ಮಾರಾಯ್ರೆ. ಆ ಲೈನಿನ ಗ್ಯಾಸ್ ಬಹುಪಾಲು ಮೀಥೇನ್, ಅದಕ್ಕೆ ಸ್ವಂತ ವಾಸನೆ ಇಲ್ಲ. ಅಡುಗೆ ಗ್ಯಾಸಿನ ನಾತ ಬೆರೆಸಿದ್ದು. ದೂರ ಸಾಗಿಸುವ ದೊಡ್ಡ ಲೈನಿನಲ್ಲಿ ಸಾಮಾನ್ಯವಾಗಿ ಅದನ್ನು ಬೆರೆಸುವುದಿಲ್ಲ.

ಹುಲ್ಲು ಪೈಪಿನುದ್ದಕ್ಕೂ ಪಟ್ಟಿಯಾಗಿ ಸೊರಗಿದ್ದರೆ ಹೆಚ್ಚಾಗಿ ಅದು ಮಣ್ಣಿನ ತೊಂದರೆ: ಪೈಪ್ ಹೂತ ಚರಂಡಿ ಮುಚ್ಚುವಾಗ ಮೇಲ್ಮಣ್ಣು ಅಡಿಗೆ, ಮುರಕಲ್ಲಿನ (ಜಂಬಿಟ್ಟಿಗೆ) ಪುಡಿ ಮೇಲಕ್ಕೆ ಹೋಗಿರುತ್ತದೆ. ಒಂದೇ ಕಡೆ ದುಂಡಗೆ ಸತ್ತು, ದಿನ ಹೋದಂತೆ ಅಗಲವಾಗುತ್ತಿದ್ದರೆ ಸಂಶಯಪಡಿ. ಗ್ಯಾಸ್ ಬೇರಿನ ಬುಡದ ಗಾಳಿಯನ್ನು ಹೊರಗೆ ತಳ್ಳುತ್ತದೆ. ನಿಂತ ನೀರಿನಲ್ಲಿ ಒಂದೇ ಜಾಗದಿಂದ ಬಿಡದೆ ಗುಳ್ಳೆ, ಬುಸ್ ಎನ್ನುವ ಶಬ್ದ, ತನ್ನಷ್ಟಕ್ಕೆ ಹಾರುವ ಧೂಳು ಕೂಡ ಲಕ್ಷಣವೇ. ಗದ್ದೆಯ ಕೆಸರು ತುಳಿದಾಗ ಮಾತ್ರ ಏಳುವ ಗುಳ್ಳೆ ಬೇರೆ.

ಸುರಂಗದ ವಿಷಯ ಗಂಭೀರ. ಮುರಕಲ್ಲಿನ ಬಿರುಕಿನಲ್ಲಿ ಗ್ಯಾಸ್ ಅಡ್ಡಕ್ಕೂ ಹರಿಯುತ್ತದೆ. ನೀರು ಹೊರಗೆ ಬರಲೆಂದು ಸುರಂಗದ ಒಳತುದಿ ಬಾಯಿಗಿಂತ ಎತ್ತರ, ಮೀಥೇನ್ ಗಾಳಿಗಿಂತ ಹಗುರ. ಹಾಗಾಗಿ ಅದು ಒಳತುದಿಯ ಮಾಡಿನಲ್ಲಿ (ಚಾವಣಿಯಲ್ಲಿ) ನಿಲ್ಲುತ್ತದೆ, ಗಾಳಿ ಬೀಸಿದರೂ ಹೋಗದು. ದೀಪ ಇಳಿಸಿ ಉಸಿರಾಡಲು ಗಾಳಿ ಇದೆಯೇ ನೋಡುವ ಹಳೆ ಕ್ರಮ ಇಲ್ಲಿ ಬೇಡವೇ ಬೇಡ. ಗಾಳಿಯಲ್ಲಿ ಶೇ. 5ರಿಂದ 15 ಮೀಥೇನ್ ಇದ್ದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ಗ್ಯಾಸ್ ಮೀಟರ್ ಇಟ್ಟು ಅಳೆಯುವವರೆಗೆ ಯಾರನ್ನೂ ಇಳಿಸಬೇಡಿ.

ಲೈನ್‌ವಾಕರ್:
ಹತ್ತಿರದ ಗುರುತಿನ ಕಂಬದಲ್ಲಿ ತುರ್ತು ನಂಬರ್, ಕಿ.ಮೀ. ಅಂಕೆ ಇರುತ್ತದೆ. ಆ ಅಂಕೆ ಹೇಳಿದರೆ ಯಾವ ಎರಡು ವಾಲ್ವ್ ಸ್ಟೇಷನ್ ಮುಚ್ಚಬೇಕೆಂದು ಕಂಟ್ರೋಲ್ ರೂಮಿಗೆ ತಿಳಿಯುತ್ತದೆ. ಫೋನ್ ಮಾಡುವುದು ದೂರ ಹೋದ ಮೇಲೆ, ಗಾಳಿ ಬರುವ ಕಡೆಗೆ ಸರಿದು. ಪಂಪ್ ಸ್ವಿಚ್, ಬೈಕ್ ಎರಡನ್ನೂ ಮುಟ್ಟಬೇಡಿ. ನಂಬರ್ ಸಿಗದಿದ್ದರೆ ಅಗ್ನಿಶಾಮಕದ 101.

“ಹಗುರ ಗ್ಯಾಸ್, ಮೇಲೆ ಹೋಗುತ್ತದೆ” ಎಂದು ಕುಳಿತುಕೊಳ್ಳಬಾರದು. ಆಂಧ್ರದ ನಗರಂನಲ್ಲಿ 2014ರ ಜೂನ್ 27ರ ಬೆಳಗ್ಗೆ ಸೋರಿದ ಗ್ಯಾಸ್ ಊರಿನ ಮೇಲೆಯೇ ಹರಡಿ ಹೊತ್ತಿತು. ಒಣ ಗ್ಯಾಸಿನ ಪೈಪಿನಲ್ಲಿ ನೀರಿನಂಶದ ಗ್ಯಾಸ್ ಹರಿದು ಒಳಗಿನಿಂದಲೇ ತುಕ್ಕು ತಿಂದಿತ್ತು.

ಜೇಸಿಬಿ_ಡ್ರೈವರ್_ಗಮನಿಸಿ:
ಹೊರಗಿನಿಂದ ತುಕ್ಕು ಹಿಡಿಸುವವರು ನಾವೇ. ಜೇಸಿಬಿ ಬಕೆಟ್ಟಿನ ಹಲ್ಲು ಪೈಪಿನ ಲೇಪನ ಕೆರೆದರೆ ಅಂದು ಏನೂ ಆಗದು, ಡ್ರೈವರ್ ಮಣ್ಣು ಮುಚ್ಚಿ ಹೋಗುತ್ತಾನೆ. ವರ್ಷಗಳ ಮೇಲೆ ಅದೇ ಗೀರಿನಲ್ಲಿ ತೂತು. ಕೆರೆದದ್ದು ಗೊತ್ತಾದರೆ ಮುಚ್ಚದೆ ತಿಳಿಸಿ, ಲೇಪನ ಹಚ್ಚಿ ಸರಿಮಾಡುತ್ತಾರೆ.

ಅಡಿಕೆತೋಟ_ಕಾಸರಗೋಡು:
ಹುಲ್ಲು ಪಟ್ಟಿಯಾಗಿಯೇ ಇದೆ, ಆದರೂ ಕಂಬದ ನಂಬರಿಗೆ ತಿಳಿಸುತ್ತೇನೆ. ಹೂಳಿನ ಕೆಲಸ ನಿಲ್ಲಿಸಿದೆ. ಪೈಪಿನ ಮೇಲೆ ತೆಂಗು ನೆಡಬಹುದೇ?

ಲೈನ್‌ವಾಕರ್:
ಇಲ್ಲ. 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಪೈಪ್ ಹಾದ ಆ ನೆಲದ ಪಟ್ಟಿಯಲ್ಲಿ ಮರ, ಕಟ್ಟಡ, ಬಾವಿ, ಕೆರೆ ಯಾವುದೂ ಆಗದು. ತರಕಾರಿ ಬೆಳೆಯಿರಿ.