ಆರ್ಮಿ ಹೆಲಿಕಾಪ್ಟರ್ ಪೈಲಟ್ ಜನರಲ್ ಆಗ್ಲಿಕ್ಕೆ ಉಂಟಾ?

ಪ್ರಶ್ನೆ (ಸುರತ್ಕಲ್): ಪಿಯುಸಿ ಸೈನ್ಸ್ ಓದುವ ತಮ್ಮನಿಗೆ ಭೂಸೇನೆಯ ಹೆಲಿಕಾಪ್ಟರ್ ಹಾರಿಸುವ ಆಸೆ. ಹಾರುವವರಿಗೆ ಮೇಲಿನ ಹುದ್ದೆ ಸಿಗುವುದಿಲ್ಲ ಅಂತಾರಲ್ಲ, ಹೌದಾ?

ಉತ್ತರ 1 (ಉಡುಪಿ): ಯಾರು ಹೇಳಿದ್ದು ಮಾರಾಯ್ರೆ? ಭೂಸೇನೆಯ ಹೆಲಿಕಾಪ್ಟರ್ ವಿಭಾಗವಾದ ಆರ್ಮಿ ಏವಿಯೇಷನ್ 1986ರ ನವೆಂಬರ್ 1ರಿಂದ ಪ್ರತ್ಯೇಕ ಕೋರ್ (ಸೇನೆಯೊಳಗಿನ ಸ್ವತಂತ್ರ ದಳ). ಅದರ ಮಹಾನಿರ್ದೇಶಕರೇ ಲೆಫ್ಟಿನೆಂಟ್ ಜನರಲ್. 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್; ಇಷ್ಟು ಸೇವಾವಧಿಯ ಲೆಕ್ಕದಲ್ಲಿ ಬರ್ತದೆ. ಕರ್ನಲ್‌ನಿಂದ ಮೇಲೆ ಸೆಲೆಕ್ಷನ್ ಬೋರ್ಡ್, ಅಲ್ಲಿ ಜರಡಿ ಸಣ್ಣದು. ಎದೆ ಮೇಲೆ ಶೌರ್ಯಪದಕ ಇದ್ದ ಮಾತ್ರಕ್ಕೆ ಬಡ್ತಿ ಖಾತ್ರಿ ಅಲ್ಲ. ಬ್ರಿಗೇಡಿಯರ್ ಆದ ಮೇಲೆ ಮೂಲ ಕೋರಿನ ಟೋಪಿ, ಬೆಲ್ಟೂ ಹೋಗ್ತದೆ. 2023ರ ಆಗಸ್ಟ್‌ನಿಂದ ಬ್ರಿಗೇಡಿಯರ್ ಮತ್ತು ಮೇಲಿನವರಿಗೆಲ್ಲ ಒಂದೇ ನಮೂನೆ.

ಉತ್ತರ 2 (ಕದ್ರಿ): ಯುದ್ಧ ಹಾರಾಟದ ತರಬೇತಿ ನಾಸಿಕ್‌ನಲ್ಲಿ. ನಿಜವಾದ ಪರೀಕ್ಷೆ ಸಿಯಾಚಿನ್‌ನಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸುವುದು. ಅಲ್ಲಿ ಗಾಳಿ ತೆಳು: ರೋಟರಿಗೆ (ಮೇಲೆ ತಿರುಗುವ ರೆಕ್ಕೆಗೆ) ಎತ್ತುವ ಬಲ ಸಾಲದು, ಇಂಜಿನಿಗೂ ಶಕ್ತಿ ಕಡಿಮೆ. ಅತಿ ಎತ್ತರದ ಠಾಣೆಗೆ ಒಂದು ಸಲಕ್ಕೆ ಒಯ್ಯಲಿಕ್ಕಾಗುವುದು ಒಂದೆರಡು ಜೆರಿಕ್ಯಾನ್ ಸೀಮೆಎಣ್ಣೆ, ಅಷ್ಟೇ. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗ್ತದೆ, ಹಾಗಾಗಿ ಬೆಳಗ್ಗೆ ಬೇಗ ಹಾರಾಟ. ಇಳಿಯುವಾಗ ರೆಕ್ಕೆಯ ಗಾಳಿಗೆ ಹಿಮ ಎದ್ದು ನೆಲವೇ ಕಾಣದು.

ಪ್ರಶ್ನೆ ಕೇಳಿದವರು: ಒಳ್ಳೇದಾಯ್ತು, ತಮ್ಮನಿಗೆ ಇದನ್ನೇ ಓದಿಸ್ತೇನೆ.